ಬಚ್ಚಲಿನವರೆಗೆ ಹಾಸಿದ ಕೌದಿ

ದಾವಣಗೆರೆಯ ಕಾಲೇಜಿನಲ್ಲಿ ನಾನು ಕಲಿತದ್ದು ಸಿವಿಲ್ ಇಂಜಿನಿಯರಿಂಗ್. ಸೇತುವೆ, ಕಾಲುವೆಗಳ ನಡುವೆ ವಾರಕ್ಕೆ ಎರಡು ಮಧ್ಯಾಹ್ನ ಆರ್ಕಿಟೆಕ್ಚರ್ ಎಂಬ ಪಾಠವೂ ಇತ್ತು. ಅರವತ್ತರ ದಶಕದ ಆರಂಭವದು. "ಆರ್ಕಿಟೆಕ್ಚರ್ ಓದ್ತಿದೀನಿ" ಎಂದು ಮಂಡಿಪೇಟೆಯ ಒಬ್ಬ ಹತ್ತಿ ವ್ಯಾಪಾರಿಗೆ ಜಂಬದಿಂದ ಹೇಳಿದ್ದಕ್ಕೆ ಆತ, "ಅದು ಯಾವ ತಳಿ ಹತ್ತಿ ರೀ?" ಎಂದು ಕೇಳಿದ್ದ.

ಆ ಪಾಠದಲ್ಲಿ ನಾನು ಮನಸ್ಸಿಟ್ಟು ಅಭ್ಯಾಸ ಮಾಡಿದ್ದು ಮೇಷ್ಟ್ರನ್ನು. ಆರಡಿಗೂ ಮಿಕ್ಕಿದ ಎತ್ತರದ ಮನುಷ್ಯ. ಯಾವ ಬಾಗಿಲು ಬಂದರೂ ತಲೆ ಬಗ್ಗಿಸಿಯೇ ದಾಟುತ್ತಿದ್ದರು. ನಮ್ಮ ಡ್ರಾಯಿಂಗ್ ಹಾಲಿನ ಬಾಗಿಲಲ್ಲಿ ಅಂಬಾರಿ ಹೊತ್ತ ಆನೆ ನುಗ್ಗಬಹುದಿತ್ತು, ಆದರೂ ಬಗ್ಗುತ್ತಿದ್ದರು. ಬಗ್ಗಿ ಬಂದು, ಕೈ ಹಿಂದೆ ಕಟ್ಟಿ, ಹಲಗೆಯ ಮೇಲಿನ ನಕ್ಷೆ ನೋಡಿ, ಎರಡು ಸಲ ಗಂಟಲು ಸರಿಮಾಡಿ ಒಂದೇ ಪ್ರಶ್ನೆ ಕೇಳುವರು: "ಚಲೋ ಐತೆ. ಇದ್ರಾಗೆ ಯಾರದಾರೆ?"

ಒಂದು ಮಧ್ಯಾಹ್ನ ಅವರು ಬರುವುದು ತಡವಾಯಿತು. ನಾನೇ ಬಾಗಿಲಲ್ಲಿ ಬಗ್ಗಿ ಬಂದೆ, ಕೈ ಹಿಂದೆ ಕಟ್ಟಿದೆ, ಗಂಟಲು ಸರಿಮಾಡಿದೆ. ಗೆಳೆಯರು ಬೆಂಚು ಬಡಿದು ನಕ್ಕರು. ಆಮೇಲೆ ನಗು ಒಮ್ಮೆಲೇ ನಿಂತಿತು. ಬುದ್ಧಿ ಇದ್ದವನಿಗೆ ಅಷ್ಟು ಸಾಕಿತ್ತು. ನಾನು ಇನ್ನೊಮ್ಮೆ ಗಂಟಲು ಸರಿಮಾಡಿದೆ. ಬೆನ್ನ ಹಿಂದಿನಿಂದ ಅಸಲಿ ಗಂಟಲು ಉತ್ತರ ಕೊಟ್ಟಿತು.

ಮೇಷ್ಟ್ರು ಬೈಯಲಿಲ್ಲ. ಸೀದಾ ನನ್ನ ಹಲಗೆಯ ಬಳಿ ಹೋಗಿ ನಕ್ಷೆ ನೋಡಿದರು. ಮುಂಬಯಿಯ ಯಾವುದೋ ಪತ್ರಿಕೆಯಲ್ಲಿದ್ದ ಬಂಗಲೆಯನ್ನು ನಾನು ಸೋಫಾ ಸಮೇತ ಇಳಿಸಿಕೊಂಡಿದ್ದೆ.

"ಮನುಷ್ಯರನ್ನ ಇಷ್ಟು ಚಲೋ ನೋಡ್ತೀಯ. ಮನೆ ಮಾತ್ರ ಯಾರನ್ನೂ ನೋಡ್ದೆ ಬರ್ದೀಯ," ಎಂದರು. "ಒಂದು ಕೆಲ್ಸ ಮಾಡು. ನಿಜವಾಗ್ಲೂ ಮನೆ ಕಟ್ಟೋರು ಒಬ್ರನ್ನ ಹುಡುಕಿ ನಕ್ಷೆ ಮಾಡ್ಕೊಡು. ಇದ್ರಾಗೆ ನಾವಿರ್ತೀವಿ ಅಂತ ಅವ್ರು ಸಹಿ ಹಾಕ್ಬೇಕು. ಅವ್ರ ಸಹಿ ಬಿದ್ರೆ ನಂದೂ ಬೀಳ್ತೈತೆ. ಹದಿನೈದು ದಿನ."

ಮೇಷ್ಟ್ರ ಸಹಿ ಇಲ್ಲದೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಒಂದು ವರ್ಷ ದಂಡವಾಗುತ್ತಿತ್ತು. ಅದನ್ನು ಅಪ್ಪನ ಮುಂದೆ ಯಾವ ದನಿಯಲ್ಲಿ ಹೇಳುವುದೆಂದು ಕನ್ನಡಿಯ ಮುಂದೆ ನಿಂತು ನೋಡಿದೆ. ಊರಿನವರ ದನಿಯೆಲ್ಲ ಬರುವ ನನಗೆ ಅದೊಂದು ದನಿ ಬರಲಿಲ್ಲ.

ಪುಣ್ಯಕ್ಕೆ ಹರಿಹರದಲ್ಲಿ ಸೋದರತ್ತೆ ಇದ್ದಳು. ಹೊಳೆಯಿಂದ ಸ್ವಲ್ಪ ಮೇಲೆ ಜಾಗ ತೆಗೆದುಕೊಂಡು, ಪಾಯ ತೋಡಲು ಗೌಂಡಿಯನ್ನೂ ಗೊತ್ತು ಮಾಡಿದ್ದಳು. ಮಾವ ಮಾತು ಕಡಿಮೆಯ ಮನುಷ್ಯ. ಅತ್ತೆ ಅವರ ಪಾಲಿನದನ್ನೂ ಆಡಿಬಿಡುತ್ತಿದ್ದಳು. ಮಾತಿನಷ್ಟೇ ಅವಳಿಗಿದ್ದ ಇನ್ನೊಂದು ಹುಚ್ಚು ಕೌದಿ. ಹಳೆಯ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕು ಹೆಂಗಸರು ನಾಲ್ಕು ಕಡೆ ಕೂತು, ಅಂಚಿನಿಂದ ನಡುವಿನವರೆಗೆ ಹೊಲಿಯುತ್ತಾ ಬರುವ, ಮನೆಮಂದಿಯೆಲ್ಲ ಮಲಗುವಷ್ಟು ದೊಡ್ಡ ದಪ್ಪ ಹೊದಿಕೆ ಅದು. ಹೊಲಿದು ಮುಗಿದ ಮೇಲೆ ಒಂದು ಮೂಲೆಗೆ ಕೆಂಪು ದಾರದಲ್ಲಿ ಪುಟ್ಟ ಹೂವು ಹಾಕುವಳು. ಆ ಹೂವು ಕಂಡರೆ ಅದು ಅತ್ತೆಯ ಕೌದಿ ಎಂದು ಓಣಿಗೆಲ್ಲ ಗೊತ್ತು.

ನಾನು ನಕ್ಷೆಯನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಬರೆದೆ. ಗಂಜಿ ಹಾಕಿ ನುಣುಪು ಮಾಡಿದ, ಆಚೆಯದು ಈಚೆ ಕಾಣುವಂಥ ತೆಳು ಬಟ್ಟೆ. ಡ್ರಾಯಿಂಗ್ ರೂಮು, ಡೈನಿಂಗ್ ರೂಮು, ಅದರಾಚೆ ಬಚ್ಚಲು, ಎರಡು ಮಲಗುವ ಕೋಣೆ. ಮುಂಬಯಿಯ ಸೋಫಾ ಹರಿಹರಕ್ಕೂ ಬಂತು. ಅತ್ತೆ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಎರಡು ಬೆರಳಲ್ಲಿ ಹೊಸೆದಳು.

"ಬಟ್ಟೆ ಚಲೋ ಐತೆ ಕಣೋ."

"ಅತ್ತೆ, ಬಟ್ಟೆ ಅಲ್ಲ, ಮನೆ ನೋಡು."

"ಮನೆ ಎಲ್ಲೈತೋ? ಇಲ್ಲಿರೋದು ಗೆರೆ. ನೆಲದ ಮ್ಯಾಲೆ ಹಾಕಿ ತೋರ್ಸು, ಆಮ್ಯಾಲೆ ಸಹಿ ಮಾತು."

ಮರುದಿನ ಬೆಳಿಗ್ಗೆ ಗೌಂಡಿ ಸಾಬರು ಹಗ್ಗ, ಗೂಟ, ಸುಣ್ಣದ ಪುಡಿ ತಂದರು. ನಾನು ಅಳತೆ ಕೂಗುವುದು, ಅವರು ಹಗ್ಗ ಕಟ್ಟಿ ಸುಣ್ಣ ಉದುರಿಸುವುದು. ಮಧ್ಯದಲ್ಲಿ ಕೈ ನಿಲ್ಲಿಸಿ ಕೇಳಿದರು: "ಇಂಜಿನಿಯರ್ ಸಾಬ್, ಈ ಗೋಡೆ ಯಾಕ ಇಲ್ಲಿ?"

"ಡೈನಿಂಗ್ ರೂಮು ಸಾಬ್ರೆ. ಊಟಕ್ಕೆ."

"ಊಟಕ್ಕೊಂದು ಕೋಣೆ, ಕೈ ತೊಳಿಯಾಕೊಂದು ಕೋಣೆ. ತೇಗಾಕೆ ಯಾವ್ದು ಇಟ್ಟೀರಿ?"

ಗೆರೆಯೆಲ್ಲ ಹಾಕಿ ಮುಗಿಸಿ ದೂರ ನಿಂತು ನೋಡಿದೆ. ಬಟ್ಟೆಯ ಮೇಲೆ ಅರಮನೆಯಂತಿದ್ದದ್ದು ನೆಲದ ಮೇಲೆ ಬೆಂಕಿಪೊಟ್ಟಣಗಳ ಸಾಲಾಗಿತ್ತು. ಸಾಬರು ನನ್ನ ಮುಖ ನೋಡಿ ಸಮಾಧಾನ ಹೇಳಿದರು: "ಫಿಕರ್ ಮಾಡ್ಬ್ಯಾಡ್ರಿ. ಸುಣ್ಣದಾಗೆ ಎಲ್ಲಾ ಮನಿನೂ ಸಣ್ಣವೇ. ಗೋಡೆ ಎದ್ದ ಮ್ಯಾಲೆ ದೊಡ್ಡವಾಗ್ತಾವೆ."

ಅತ್ತೆಗೆ ಸಮಾಧಾನವಾಗಲಿಲ್ಲ. ಹೋಗಿ, ಅರ್ಧ ಹೊಲಿದ ಕೌದಿ ಹೊತ್ತು, ಓಣಿಯ ಮೂವರು ಹೆಂಗಸರನ್ನು ಕರೆದುಕೊಂಡು ಬಂದಳು. ನನ್ನ ಡ್ರಾಯಿಂಗ್ ರೂಮಿನಲ್ಲಿ ಕೌದಿ ಬಿಚ್ಚಿದರು. ಅದು ಗೋಡೆಯ ಗೆರೆ ದಾಟಿತು, ಡೈನಿಂಗ್ ರೂಮು ದಾಟಿತು, ಬಚ್ಚಲಿನಲ್ಲಿ ಹೋಗಿ ನಿಂತಿತು.

"ಅಕ್ಕಾ, ನಾ ಎಲ್ಲಿ ಕುಂದ್ರಲಿ?" ಎಂದಳು ಒಬ್ಬಳು.

"ನೀನು ಬಚ್ಚಲಾಗೆ."

"ಹಂಗಾರೆ ನೀರು ಕಾಯ್ಸಿಡ್ರಿ. ಹೊಲ್ದಾದ ಮ್ಯಾಲೆ ಮೈ ತೊಳ್ಕೊಂಡೇ ಹೋಗ್ತೀನಿ."

ಸಾಬರು ಸುಣ್ಣದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕು, ಬಿಳಿ ಮೀಸೆಯವರಾದರು. ನಾನು ಸೋಲಲಿಲ್ಲ. "ಕೌದಿನ ಅಂಗಳದಾಗೆ ಹೊಲ್ಕೊ ಅತ್ತೆ," ಎಂದೆ.

"ಹಾಸಿದ ಬಟ್ಟೆ ಹಾರ್ಸೋ ಹೊಳಿ ಗಾಳಿ ನಿನ್ ಮಾತು ಕೇಳ್ತೈತೇನು? ಸಹಿ ಹಾಕಂಗಿಲ್ಲ, ಹೋಗು." ಆಮೇಲೆ ನನ್ನ ಮೋರೆ ನೋಡಿ ಕನಿಕರ ಬಂದಿರಬೇಕು. "ಚಡ್ಡಿ ಹಾಕ್ಕೊಂಡಾಗಿಂದ ನಾನು ಹೊಲ್ಯೋದನ್ನ ಆಡಿ ತೋರ್ಸಿ ಎಲ್ಲಾರ್ನೂ ನಗಿಸ್ತಿದ್ದಿ. ಈ ನಿನ್ ಡಬ್ಬಿಯಾಗೆ ಕುಂತು ಆಡು ನೋಡಾನ."

ಸವಾಲು ಹಾಕಿದರೆ ನಾನು ಬಿಡುವವನಲ್ಲ. ಸುಣ್ಣದ ಕೋಣೆಯಲ್ಲಿ ಕಾಲು ಚಾಚಿ ಕೂತು ಅತ್ತೆಯಾದೆ. ಮೂಗಿನ ತುದಿಗೆ ಕನ್ನಡಕ, ಹಲ್ಲಲ್ಲಿ ದಾರ, ಸೂಜಿ ಎಳೆದ ಬಲಗೈ ಪೂರ್ತಿ ಚಾಚಿ ಆಚೆಗೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ನಗಲಿಲ್ಲ. ಚಾಚಿದ ಕೈ ಗೋಡೆಯ ಆಚೆ ಇತ್ತು. ಇಟ್ಟಿಗೆ ಇದ್ದಿದ್ದರೆ ಬೆರಳು ಜಜ್ಜುತ್ತಿತ್ತು.

ಎದ್ದು ಮಾವನಾದೆ. ಮಾವ ಸೈಕಲ್ಲನ್ನು ಬೀದಿಯಲ್ಲಿ ಬಿಡುವವರಲ್ಲ. ಒಳಗೆ ತಂದು, ಸೀಟು ತಟ್ಟಿ, ಆಮೇಲೆ ಚಪ್ಪಲಿ ಬಿಡುವರು. ಸೈಕಲ್ಲು ಸೋಫಾದ ಮೇಲೇ ನಿಲ್ಲಬೇಕಾಯಿತು. ಕೊನೆಗೆ ಸಾಬರೇ ಆದೆ. ಚಹಾ ಲೋಟ ಹಿಡಿದು, ಕೂರಲು ಮುಂದೆ ಒಂದು ಕಟ್ಟೆ ಹುಡುಕಿದೆ. ಕಟ್ಟೆಯೇ ಇರಲಿಲ್ಲ. ನಿಂತೇ ಕುಡಿದೆ. ಒಬ್ಬೊಬ್ಬರಾಗಿ ಎಲ್ಲರೂ ನನ್ನ ಮನೆಗೆ ಬಂದರು, ಯಾರಿಗೂ ಜಾಗ ಸಿಗಲಿಲ್ಲ. ಅಷ್ಟು ಹೊತ್ತಿಗೆ ನನ್ನ ಕಾಲ್ತುಳಿತಕ್ಕೆ ಒಂದು ಗೆರೆಯೂ ಉಳಿದಿರಲಿಲ್ಲ.

"ಈಗ ನೋಡ್ರಿ ಸಾಬ್," ಎಂದರು ಗೌಂಡಿ ಸಾಬರು, ಬರಿ ನೆಲ ತೋರಿಸಿ. "ಈಗ ಚಲೋ ಆತು ನಿಮ್ ಪ್ಲಾನು."

ಎರಡನೆಯ ನಕ್ಷೆಯಲ್ಲಿ ಮೊದಲು ಬರೆದದ್ದು ಕೌದಿ. ಅದರ ನಾಲ್ಕು ಕಡೆ ನಾಲ್ಕು ಹೆಂಗಸರು, ಅವರ ಚಾಚಿದ ಕೈ. ಅವರ ಸುತ್ತ ಪಡಸಾಲೆ, ಆಮೇಲೆ ಉಳಿದ ಗೋಡೆಗಳು. ಕೂತವರ ಸೂಜಿಗೆ ಬೆಳಕು ಬೀಳುವಂತೆ ಕಿಟಕಿಯನ್ನು ಕೆಳಗಿಳಿಸಿದೆ. ಸೈಕಲ್ಲಿಗೆ ಮೂಲೆ, ಸಾಬರಿಗೆ ಕಟ್ಟೆ. ಸೋಫಾ ಮುಂಬಯಿಗೆ ವಾಪಸು ಹೋಯಿತು.

ಮತ್ತೆ ಸುಣ್ಣ ಹಾಕಿದೆವು, ಮತ್ತೆ ಕೌದಿ ಹಾಸಿದರು. ಈ ಸಲ ಯಾರೂ ಬಚ್ಚಲಿಗೆ ಹೋಗಲಿಲ್ಲ. ಅತ್ತೆ ಮೆಲ್ಲಗೆ ಒಂದು ಸುತ್ತು ಬಂದು, "ಇರಬೌದು," ಎಂದಳು. ನಾನು ಪೆನ್ನು ಕೊಟ್ಟೆ. ಪೆನ್ನು ಅವಳ ಕೈಗೆ ಒಗ್ಗದು. ಸೊಂಟದ ಚೀಲದಿಂದ ಸೂಜಿ ತೆಗೆದಳು. "ಅಯ್ಯೋ ಅತ್ತೆ!" ಎನ್ನುವಷ್ಟರಲ್ಲಿ ನನ್ನ ನಕ್ಷೆಯ ಮೂಲೆಯಲ್ಲಿ ಕೆಂಪು ಹೂವು ಅರಳಿತ್ತು. ಹಳೆಯ ನಕ್ಷೆಯನ್ನು ಅವಳೇ ಇಟ್ಟುಕೊಂಡಳು. ಗಂಜಿ ತೊಳೆದರೆ ಮೆತ್ತಗಾಗುತ್ತದೆ, ಕೌದಿಗೆ ಬರುತ್ತದೆ ಎಂದು.

ಹದಿನೈದನೆಯ ದಿನ ಮೇಷ್ಟ್ರ ಮುಂದೆ ಬಟ್ಟೆ ಹರಡಿದೆ. ಅವರು ಹೂವನ್ನು ಮುಟ್ಟಿ, ಬಟ್ಟೆ ಮಗುಚಿ ಹಿಂಬದಿಯ ಗಂಟನ್ನೂ ನೋಡಿದರು. "ಇದ್ರಾಗೆ ಯಾರದಾರೆ?" ಎಂದರು. ನಾನು ಬಾಯಿಯಲ್ಲಿ ಹೇಳಲಿಲ್ಲ, ಆಡಿ ತೋರಿಸಿದೆ. ಅತ್ತೆ ಕೂತಳು, ಮಾವ ಸೈಕಲ್ಲು ತಟ್ಟಿದರು, ಸಾಬರು ಕಟ್ಟೆಯ ಮೇಲೆ ಚಹಾ ಕುಡಿದರು.

"ನಾನು ಬಂದ್ರೆ?" ಎಂದರು ಮೇಷ್ಟ್ರು.

ಅವರ ಕೈಯಲ್ಲಿ ಪೆನ್ಸಿಲ್ಲು, ನನ್ನ ಒಂದು ವರ್ಷ ಆ ಪೆನ್ಸಿಲ್ಲಿನ ತುದಿಯಲ್ಲಿ. ಬೇರೆ ದಾರಿ ಇರಲಿಲ್ಲ. ಕೈ ಹಿಂದೆ ಕಟ್ಟಿದೆ, ಕಟ್ಟೆ ಹತ್ತಿದೆ, ತಲೆ ಬಗ್ಗಿಸಿ ಒಳಗೆ ಬಂದೆ.

"ಬಾಗ್ಲು ಎಷ್ಟು ಎತ್ತರ ಇಟ್ಟೀಯ?"

"ಏಳಡಿ ಸರ್. ಅತ್ತೆ ಮನೆಗೆ ಅಷ್ಟು ಬ್ಯಾಡಾಗಿತ್ತು, ನೀವು ಬಂದ್ರೆ ಅಂತ ಇಟ್ಟೆ."

"ಮತ್ತೆ ಯಾಕ ಬಗ್ಗಿದೆ?"

"ನೀವು ಬಗ್ತೀರಿ ಸರ್."

ಮೇಷ್ಟ್ರು ಎರಡು ಸಲ ಗಂಟಲು ಸರಿಮಾಡಿದರು. ಮೂರನೆಯ ಸಲವೂ ಸರಿಮಾಡಿದರು. ಅದು ನಾನು ಆಡುವ ಮೇಷ್ಟ್ರ ಪಾತ್ರದಲ್ಲಿ ಇರಲಿಲ್ಲ. ಆಮೇಲೆ ಕೆಂಪು ಹೂವಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಸಣ್ಣಗೆ ಸಹಿ ಹಾಕಿ ಹೊರಟರು. ಡ್ರಾಯಿಂಗ್ ಹಾಲಿನ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಮೇಲೆ ನೋಡಿ, ನೆಟ್ಟಗೆ ದಾಟಿ ಹೋದರು.