ಶಿವಕಾಂತಾಬಾಯಿ ಮುಟ್ಟಿ ನೋಡಿದ ಬಿಸಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ತೆಲಂಗಾಣದ ಗಡಿಯ ಝರಾಸಂಗಂನ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತೆರಡು ವರ್ಷ ಅಲ್ಲಿ ಗುಮಾಸ್ತಿಕೆ ಮಾಡುತ್ತ ಎಷ್ಟು ಜನರನ್ನು ಗದರಿಸಿದ್ದೇನೋ ಲೆಕ್ಕವಿಲ್ಲ. ಅಂಥ ನನ್ನನ್ನು ದನಿ ಎತ್ತದೆ ತೆಪ್ಪಗಾಗಿಸಿದವರು ಒಬ್ಬರೇ. ಜಹೀರಾಬಾದಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ಶಿವಕಾಂತಾಬಾಯಿ.

ಅವರ ಬಳಿಗೆ ಹೋಗುವ ಪ್ರಮೇಯ ಬಂದದ್ದು ನನ್ನ ಹೆಂಡತಿ ಮಾಧುರಿಯ ಪರೀಕ್ಷೆಯಿಂದ. ಕನ್ನಡ, ತೆಲುಗು, ಮರಾಠಿ ಮೂರೂ ಅವಳಿಗೆ ನೀರು ಕುಡಿದಷ್ಟು ಸಲೀಸು. ನಲವತ್ತೇಳನೆಯ ವಯಸ್ಸಿನಲ್ಲಿ ಅನುವಾದಕರ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಮನೆಯಲ್ಲೇ ಕೂತು, ಲ್ಯಾಪ್‌ಟಾಪಿನ ಕ್ಯಾಮೆರಾ ಮುಂದೆ ಮೂರು ಗಂಟೆ ಬರೆಯಬೇಕು. ನಡುವೆ ಮಷಿನ್ ಬಂದಾದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಎರಡನೆಯ ಅವಕಾಶವಿಲ್ಲ. ನಮ್ಮ ಮಷಿನ್ನೋ, ಅರ್ಧ ಗಂಟೆಗೆ ರೊಟ್ಟಿಯ ಹಂಚಿನಂತೆ ಕಾದು ತಾನಾಗಿಯೇ ಆರಿಹೋಗುತ್ತಿತ್ತು. ಉಳಿದದ್ದು ಐದು ದಿನ.

"ನನ್ನ ವಯಸ್ಸಿಗಿ ಇದೆಲ್ಲ ಆಗಂಗಿಲ್ಲ ಬಿಡ್ರಿ" ಎಂದಳು ಮಾಧುರಿ. ನಾನು ಮಷಿನ್ನನ್ನು ಚೀಲಕ್ಕೆ ಹಾಕಿಕೊಳ್ಳುವುದರಲ್ಲೇ ಇದ್ದೆ. ಅವಳಿಗೊಂದು ಧೈರ್ಯದ ಮಾತು ಹೇಳದೆ ಹೋದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಶಿವಕಾಂತಾಬಾಯಿ ಬಶೀರಾಬಾದಿನ ಕಡೆಯವರು, ಮದುವೆಯಾಗಿ ಜಹೀರಾಬಾದಿಗೆ ಬಂದವರು. ಮೊದಲು ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದರಂತೆ. ವಾರಕ್ಕೊಮ್ಮೆ ಹೈದರಾಬಾದಿನಿಂದ ಮೆಕ್ಯಾನಿಕ್ ಬಂದಾಗ ಅವನ ಕೈಯಲ್ಲೇ ಕಣ್ಣಿಟ್ಟು, ಬಿಚ್ಚಿದ ಒಂದೊಂದು ಸ್ಕ್ರೂ ಎಲ್ಲಿಯದೆಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದರು. ಸೆಂಟರ್ ಮುಚ್ಚಿದಾಗ ಮಾಲೀಕ ಎಂಟು ಕೆಟ್ಟ ಮಷಿನ್ನುಗಳನ್ನು ಬಿಟ್ಟುಹೋದ. ಮೂರು ತಿಂಗಳಲ್ಲಿ ಐದಕ್ಕೆ ಜೀವ ಬರಿಸಿ, ಓಣಿಯಲ್ಲಿ ಬೋರ್ಡು ಹಾಕಿದರು. ಅಂಗಡಿಯ ಮೇಜಿಗೆ ತಾಂಡೂರ ಕಲ್ಲಿನ ಒಂದು ತಣ್ಣನೆಯ ಹಾಸು, ಗೋಡೆಗೆ ಒಂದು ಗಡಿಯಾರ, ಅಷ್ಟೇ.

ಅವರು ನಮ್ಮ ಮಷಿನ್ನನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿದರು, ಜ್ವರ ಬಂದ ಕೂಸಿನ ಹಣೆ ಮುಟ್ಟುವ ಹಾಗೆ. ಕಿವಿಗೊಟ್ಟು ಫ್ಯಾನಿನ ಸದ್ದು ಕೇಳಿದರು. ಆಮೇಲೆ ಬಿಚ್ಚಿದರು. ಒಳಗೆ ಗಾಳಿ ಹೋಗುವ ಸಂದುಗಳೆಲ್ಲ ಬಿಳಿ ಬೂದಿಯಂಥ ಧೂಳಿನಿಂದ ಕಟ್ಟಿಕೊಂಡಿದ್ದವು.

"ಇದರ ಮ್ಯಾಲ ಏನರೆ ಪುಡಿ ಹಾಕ್ತೀರೇನ್ರಿ ಅಣ್ಣಾರ?"

"ಏನೂ ಇಲ್ರಿ" ಎಂದೆ. ಅವರು ಒಮ್ಮೆ ನನ್ನ ಹಣೆಯ ವಿಭೂತಿ ನೋಡಿದರು, ಮತ್ತೆ ಕೆಲಸಕ್ಕೆ ತಲೆ ಬಗ್ಗಿಸಿದರು. ಫ್ಯಾನು ತಿರುಗದಂತೆ ಬೆಂಕಿಕಡ್ಡಿ ಸಿಕ್ಕಿಸಿ ಧೂಳು ಊದಿದರು. ಒಳಗಿನ ಬಿಸಿ ಎಳೆದುಕೊಳ್ಳಲೆಂದು ಹಚ್ಚಿದ್ದ, ಈಗ ಒಣಗಿದ ಹಳೆಯ ಪೇಸ್ಟು ಒರೆಸಿ, ಜೋಳದ ಕಾಳಿನಷ್ಟು ಹೊಸದನ್ನು ಇಟ್ಟರು. ಎರಡು ತಾಸು ಓಡಿಸಿದರು. ಮಷಿನ್ ತಣ್ಣಗೇ ಇತ್ತು.

ಮನೆಗೆ ತಂದ ಮರುದಿನ, ಮಾಧುರಿ ಅಭ್ಯಾಸಕ್ಕೆ ಕೂತ ಐವತ್ತನೆಯ ನಿಮಿಷಕ್ಕೆ ಮತ್ತೆ ಬಂದ್. ಅವಳು ಎದ್ದು ಅಡುಗೆಮನೆಗೆ ಹೋದಳು. ನನಗೆ ಸಿಟ್ಟು ನೆತ್ತಿಗೇರಿತು. ಫೋನು ಹಚ್ಚಿ ಶಿವಕಾಂತಾಬಾಯಿಗೆ ಬಾಯಿಗೆ ಬಂದಂತೆ ಬೈದೆ. ಕೆಲಸ ಬರದಿದ್ದರೆ ಅಂಗಡಿ ಯಾಕೆ ತೆರೆದಿರಿ ಎಂದೂ ಕೇಳಿದೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ: "ಮಷಿನ್ ತರಬ್ಯಾಡ್ರಿ. ನಾನೇ ಬರ್ತೀನಿ. ಅದು ಇರೋ ಜಾಗ ನಾ ನೋಡಿಲ್ಲ, ಅದು ನನ್ನ ತಪ್ಪು."

ಪರೀಕ್ಷೆಯ ಹಿಂದಿನ ದಿನ ಬೆಳಗಿನ ಬಸ್ಸಿಗೇ ಬಂದರು. ನೀರು ಕುಡಿದು, "ಅಕ್ಕಾ, ದಿನಾ ಹೆಂಗ ಕೂಡ್ತೀರಿ ಹಂಗೇ ಕೂಡ್ರಿ" ಎಂದು ಮಾಧುರಿಗೆ ಹೇಳಿ ಗೋಡೆಗೊರಗಿ ಕೂತರು. ಸ್ಕ್ರೂಡ್ರೈವರನ್ನು ಚೀಲದಿಂದ ತೆಗೆಯಲೇ ಇಲ್ಲ. ನಲವತ್ತು ನಿಮಿಷ ಸುಮ್ಮನೆ ನೋಡಿದರು. ನಾನು ಆರು ಸಲ ಗಡಿಯಾರ ನೋಡಿದೆ. ಆಮೇಲೆ ಎದ್ದು ಮಷಿನ್ನಿನ ಕೆಳಗೆ ಬೆರಳು ಹಾಕಿದರು.

"ಈ ಅರಿಬಿ ಯಾರ್ ಹಾಸ್ಯಾರ್ರಿ?"

ಮಾಧುರಿ ನನ್ನ ಕಡೆ ನೋಡಿದಳು. "ಇವರೇ ದಿನಾ ಮುಂಜಾನೆ ತಯಾರ ಮಾಡಿ ಇಡ್ತಾರ್ರಿ."

ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ನಮ್ಮ ಮನೆಯಲ್ಲಿ ವಚನದ ಪುಸ್ತಕವನ್ನು ಬರಿಯ ಹಲಗೆಯ ಮೇಲೆ ಇಡುವುದಿಲ್ಲ. ಮಡಿ ಧೋತರವನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಇಡುತ್ತೇವೆ. ವಿದ್ಯೆಯ ವಸ್ತುವೆಂದು ಲ್ಯಾಪ್‌ಟಾಪಿಗೂ ಹಾಗೆಯೇ ಹಾಸಿದ್ದೆ. ದಿನಾ ಪೂಜೆ ಮುಗಿಸಿ, ಅದೇ ಕೈಯಿಂದ ಅದರ ಮೇಲೂ ಮೂರು ಬೆರಳು ವಿಭೂತಿ ಎಳೆಯುತ್ತಿದ್ದೆ. ಅಂಗಡಿಯಲ್ಲಿ ಕೇಳಿದಾಗ ಹೇಳಲು ಯಾಕೋ ಸಂಕೋಚ, ಸುಳ್ಳು ಹೇಳಿದ್ದೆ. ಈಗ ಇಬ್ಬರ ಎದುರೂ ಎಲ್ಲ ಒಪ್ಪಿಕೊಂಡೆ. ಬೈದದ್ದು ತಪ್ಪಾಯಿತೆಂದೂ ಹೇಳಿದೆ.

ಶಿವಕಾಂತಾಬಾಯಿ ನಗಲಿಲ್ಲ, ಹಂಗಿಸಲೂ ಇಲ್ಲ. "ಭಕ್ತಿ ತಪ್ಪಲ್ರಿ ಅಣ್ಣಾರ. ಆದ್ರ ಇದು ಹೊಟ್ಟಿ ಕೆಳಗಿಂದ ಉಸರ ತಗೋತದ. ನೀವು ಅದರ ಮೂಗು ಮುಚ್ಚೀರಿ. ವಿಭೂತಿ ನಿಮ್ಮ ಹಣಿಗೇ ಇರ್ಲಿ." ಧೋತರ ತೆಗೆದು ನನ್ನ ಕೈಗೆ ಕೊಟ್ಟರು. ಮಷಿನ್ನಿನ ಹಿಂಬದಿಗೆ ಎರಡು ಬಾಟಲಿ ಮುಚ್ಚಳ ಇಟ್ಟು ಎತ್ತರಿಸಿದರು. ಮತ್ತೆ ಮೂರು ತಾಸು ಪಕ್ಕದಲ್ಲೇ ಕೂತು, ಮಷಿನ್ ಒಮ್ಮೆಯೂ ಆರದ್ದನ್ನು ಕಣ್ಣಾರೆ ನೋಡಿಯೇ ಎದ್ದರು. ಬೈದವನ ಮನೆಗೇ ಬಸ್ಸು ಹತ್ತಿ ಬಂದು, ಅಷ್ಟು ಹೊತ್ತು ಕೂತ ಆ ಹೆಂಗಸಿನ ತಾಳ್ಮೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಪರೀಕ್ಷೆಯ ದಿನ ಕೋಣೆಯೊಳಗೆ ಬೇರೆ ಯಾರೂ ಇರಬಾರದು. ಬೆಳಗಿನ ಹತ್ತರಿಂದ ಬಾಗಿಲ ಹೊರಗೆ ನಿಂತು ಫ್ಯಾನಿನ ಸದ್ದನ್ನೇ ಆಲಿಸುತ್ತಿದ್ದೆ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಸದ್ದು ನಿಂತಿತು. ಮತ್ತೆ ಆರಿತೆಂದುಕೊಂಡೆ. ಬಾಗಿಲು ತೆರೆದು ಮಾಧುರಿ ಹೊರಗೆ ಬಂದಳು. "ಮುಗೀತ್ರಿ, ನಾನೇ ಬಂದ್ ಮಾಡಿದೆ" ಎಂದು ಒಲೆ ಹಚ್ಚಲು ಹೋದಳು.

ನಾನು ಕೂಡಲೇ ಶಿವಕಾಂತಾಬಾಯಿಗೆ ಫೋನು ಮಾಡಿದೆ. ಮಷಿನ್ ಮೂರು ತಾಸು ಒಂದೇ ಸಮ ಓಡಿತೆಂದು ಉಬ್ಬಿ ಹೇಳಿದೆ.

"ಅದು ಓಡ್ತದಂತ ನನಗ ಗೊತ್ತಿತ್ರಿ" ಎಂದರು ಅವರು. "ಅಕ್ಕ ಹೆಂಗ ಬರದಾರ, ಅದು ಹೇಳ್ರಿ."

ನಾನು ಅದನ್ನು ಕೇಳಿಯೇ ಇರಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ.