ಹೊಳೆಯಪ್ಪನ ಕ್ಲಾರನೆಟ್ಟು, ಅಲ್ಲಾಡೂ ಹಲ್ಲು

ನಮ್ಮ ಮೊರಬದ ಹೊಳೆಯಪ್ಪ ಕ್ಲಾರನೆಟ್ ಊದಿದ್ರ ಬೆಣ್ಣಿಹಳ್ಳದ ನೀರು ಹಿಂದಕ್ಕ ಹರೀತಿತ್ರಿ. ನಾ ಕಣ್ಣಾರೆ ನೋಡೀನಿ. ನೀವು ನಂಬಬ್ಯಾಡ್ರಿ, ನನ್ನ ಮೊಮ್ಮಗಳು ಅಮೃತಾನೂ ನಂಬೂದಿಲ್ಲ. "ಮುತ್ಯಾ, ಮೊನ್ನೆ ಹಳ್ಳ ನಿಂತಿತ್ತು ಅಂದಿ, ಇವತ್ತು ಹಿಂದಕ್ಕ ಹೊಂಟೈತಲ್ಲ" ಅಂತಾಳ. ಇರ್ಲಿ. ಇನ್ನ ಮುಂದ ಹೇಳೂದು ಮಾತ್ರ ಖರೆ.

ಹೊಳೆಯಪ್ಪ ಮದುವಿ ಬ್ಯಾಂಡಿನಾಂವ. ಕೆಂಪು ಕೋಟು, ಅಪ್ಪನ ಕಾಲದ ಕ್ಲಾರನೆಟ್ಟು. ಮೆರವಣಿಗ್ಯಾಗ ಒಂದು ಸಿನಿಮಾ ಹಾಡು ಹಿಡದಾ ಅಂದ್ರ, ಮೊದಲ್ನೇ ಸಲ ಇದ್ದಂಗ ಊದಾಂವ. ಎರಡ್ನೇ ಸಲಕ್ಕ ದೊಡ್ಡ ರಸ್ತೆ ಬಿಟ್ಟು ಓಣ್ಯಾಗ ಹೊಕ್ಕಬಿಡಾಂವ. ಅಲ್ಲೊಂದು ತಿರುವು, ಇಲ್ಲೊಂದು ಜಿಗಿತ. ಈಗ ಬಿದ್ದಾ, ಈಗ ಬಿದ್ದಾ ಅನ್ನೂದ್ರಾಗ ಹಾಡಿನ ಪಲ್ಲವಿ ಬಾಗಲದಾಗ ಬಂದು ನಿಂದರಾಂವ. ಬೀಗರು ಮಾತ್ರ, "ಏ, ನೆಟ್ಟಗ ಬಾರಸೋ!" ಅಂತ ಬೈಯಾವ್ರು.

ಒಮ್ಮೆ ಡ್ರಮ್ ಬಾರಸೂ ನದೀಮ್ ಮೊಬೈಲಿನಾಗ ಅಮೇರಿಕಾದವನೊಬ್ಬನ ಕ್ಲಾರನೆಟ್ ಕೇಳಿಸಿದ. "ಕಾಕಾ, ಇದಕ್ಕ ಜಾಝ್ ಅಂತಾರ. ನೀ ಮಾಡೂದೂ ಇದನ್ನ."

ಹೊಳೆಯಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿದ. "ಚಲೋ ಊದ್ತಾನ. ಅಲ್ಲಿ ಬೀಗರು ಬೈಯೂದಿಲ್ಲೇನಲೇ?"

ಚಿಂತಿ ಶುರು ಆಗಿದ್ದು ಹಲ್ಲಿನಿಂದ. ಕ್ಲಾರನೆಟ್ಟಿನ ತುದಿ ಮ್ಯಾಲಿನ ಮುಂದಿನ ಹಲ್ಲಿಗೆ ಆನಿಸಿ ಊದಬೇಕು. ಹೊಳೆಯಪ್ಪನ ಆ ಹಲ್ಲು ಅಲ್ಲಾಡಾಕತ್ತಿತ್ತು. ಡಾಕ್ಟರು "ಇದು ಉಳಿಯೂದಿಲ್ಲ" ಅಂದಬಿಟ್ರು. ಅದ ಹೊತ್ತಿಗೆ ಅಣ್ಣಿಗೇರಿಯೊಳಗ ಸಂಗೀತ ಸಭಾ ನಡಸೂ ಶಂಕ್ರಪ್ಪ ಕರೀ ಕಳಿಸಿದ. "ಗಾಯನಕ್ಕ ಮೊದಲ ಅರ್ಧ ತಾಸು ನೀ ಬಾರಸಪಾ. ಪೇಪರಿನಾಗ ಸಂಗೀತದ ವಿಮರ್ಶೆ ಬರಿಯೂ ಗೌರೀಶ ಅವ್ರೂ ಧಾರವಾಡದಿಂದ ಬರ್ತಾರ."

ಹೊಳೆಯಪ್ಪ ನನ್ನ ಕಡೆ ಓಡಿ ಬಂದ. "ಕಾಕಾ, ಹಲ್ಲು ಬೀಳೂದ್ರಾಗ ತಿಳದಾಂವ ಒಬ್ಬ ನನ್ನ ಕೇಳಿ ನಾಕು ಸಾಲು ಬರೀಲ್ರಿ. ಬೈದು ಬರದ್ರೂ ಅಡ್ಡಿಯಿಲ್ಲ."

ಅವತ್ತಿನಿಂದ ರೊಟ್ಟಿ ಬಂದ್. ಬರೇ ಗಂಜಿ. ಹೆಂಡತಿ ಕೆಂಚವ್ವ, "ನನ್ನ ಒಂದಿನಾನೂ ಹಿಂಗ ಜ್ವಾಪಾನ ಮಾಡ್ಲಿಲ್ಲ, ಆ ಹಲ್ಲಿನ ನಸೀಬ ನೋಡ್ರಿ" ಅಂತ ಕಾಡಾಕಿ. ನಕ್ರ ಹಲ್ಲು ಅಲ್ಲಾಡ್ತೈತಿ ಅಂತ ಆಂವ ನಗೂದನ್ನೂ ಬಿಟ್ಟಿದ್ದ.

ಅಣ್ಣಿಗೇರಿ ಹಾಲ್‌ನಾಗ ಮುಂದಿನ ಸೋಫಾ ಖಾಲಿ. ಹೊಳೆಯಪ್ಪ ಶುರು ಮಾಡಿದ, ಕಣ್ಣು ಮಾತ್ರ ಬಾಗಲದ ಕಡೆ. ಹಾಡು ಇದ್ದಂಗ ಊದಿದ, ಮತ್ತೂ ಇದ್ದಂಗ ಊದಿದ. ಗೌರೀಶ ಅವ್ರು ಬರೂತನಕ ಹಲ್ಲು ಉಳಸಾಕತ್ತಾನ ಅಂತ ನನಗ ಗೊತ್ತಾತು. ಟೈಮ್ ಸರದಂಗ ನಾನೂ ಬಾಗಲದ ಕಡೆ ನೋಡಾಕತ್ತೆ. ಕಡೀಕ ಗೌರೀಶ ಅವ್ರು ಒಳಗ ಬಂದ್ರು. ಹೊಳೆಯಪ್ಪ ಅವ್ರನ್ನ ನೋಡಿದ ಕೂಡ್ಲೆ ಹಾಡಿನ ದೊಡ್ಡ ರಸ್ತೆ ಬಿಟ್ಟು ಓಣಿಗೆ ತಿರುಗಿದ. ನಾ ಮುಂದ ಬಾಗಿದೆ.

"ನಿಂದರಸ್ರಿ, ನಿಂದರಸ್ರಿ!" ಶಂಕ್ರಪ್ಪ ಮೈಕ್ ಹಿಡದಿದ್ದ. "ಮಾನ್ಯ ಅತಿಥಿಗಳು ಬಂದಾರ!"

ನಮ್ಮ ಕಡೆ ಹಂಗ್ರಿ. ದೊಡ್ಡವರು ಬಂದ್ರ ನಡದದ್ದು ನಿಲ್ಲಬೇಕು, ಮೊದಲ ಸತ್ಕಾರ ಆಗಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ. ಮ್ಯಾಲೆ ತಲಿಗೆ ಪೇಟಾ. ಆ ಪೇಟಾ ದೊಡ್ಡದಾಗಿ ಗೌರೀಶ ಅವ್ರ ಎರಡೂ ಕಿವಿ ಮುಚ್ಚಿಕೊಂಡು ಇಳೀತು.

"ಹೊಳೆಪ್ಪಾ, ಸತ್ಕಾರಕ್ಕ ಬಾರಸು!"

ಹೊಳೆಯಪ್ಪಗ ತಿಳೀತು, ತನಗ ಉಳದ ಹೊತ್ತು ಇದಷ್ಟ ಅಂತ. ಊದಿದ ನೋಡ್ರಿ! ಮಳಿ ನಿಂತ ಮ್ಯಾಲೆ ಎತ್ತು ಕರಿ ಮಣ್ಣಿನಾಗ ಕಾಲು ಕಿತ್ತು ನಡದಂಗ, ಒಂದೊಂದ ಸ್ವರ ಎತ್ತಿ ಎತ್ತಿ ಇಟ್ಟ. ಹಾಲ್‌ನಾಗಿನ ಫ್ಯಾನೆಲ್ಲಾ ಉಲ್ಟಾ ತಿರುಗಿದ್ವು. ಈ ಸುಳ್ಳೊಂದು ಹೊಟ್ಟ್ಯಾಗ ಹಾಕ್ಕೋರಿ. ಮ್ಯಾಲೆ, ಇನ್ನೂ ಮ್ಯಾಲೆ ಹೋದ. ಅಲ್ಲಿ ಟಕ್ಕನ ನಿಂತ. ಬಾಯಿ ಮ್ಯಾಲೆ ಕೈ, ಬೆರಳಿನ ಸಂದ್ಯಾಗ ಹಲ್ಲು.

ಗೌರೀಶ ಅವ್ರು ಪೇಟಾ ಮ್ಯಾಲೆ ಸರಿಸಿ, "ಮುಗೀತೇನ್ರಿ? ಗಾಯನ ಶುರು ಆಗ್ಲಿ" ಅಂದ್ರು.

ಐತವಾರ ಪೇಪರ್ ಬಂತು. ಮಧ್ಯಾಹ್ನ ದುಮ್ಮವಾಡದಾಗ ಮದುವಿ ಇತ್ತು. ಹೊಳೆಯಪ್ಪ ಕೆಂಪು ಕೋಟು ಹಾಕ್ಕೊಂಡು ತನ್ನ ಮನಿ ಮುಂದಿನ ಕಟ್ಟಿ ಮ್ಯಾಲೆ ಕೂತಿದ್ದ.

"ಸಣ್ಣ ಅಕ್ಷರ ಕಾಣೂದಿಲ್ಲ, ಓದ್ರಿ ಕಾಕಾ. ಬಂದೈತೇನು?"

ಗಾಯನದ ಬಗ್ಗೆ ಉದ್ದಕ್ಕ ಬರದಿದ್ರು. ಸತ್ಕಾರ ಅಚ್ಚುಕಟ್ಟಾಗಿತ್ತು ಅಂತ ಒಂದು ಸಾಲು. ಕ್ಲಾರನೆಟ್ಟಿನ ಸುದ್ದಿ ಇಲ್ಲ. ಹಳ್ಳ ಹಿಂದಕ್ಕ ಹರಿಸಿದ ನಾಲಗಿ ನಂದು, ನಾಕು ಸಾಲು ಹುಟ್ಟಸೂದು ಏನು ದೊಡ್ಡದು? ನಾಲಗಿ ಏಳಲಿಲ್ರಿ.

"ಇಲ್ಲಪಾ."

"ಬೈದೂ ಬರದಿಲ್ಲ?"

"ಬೈದೂ ಬರದಿಲ್ಲ."

ಹೊಳೆಯಪ್ಪ ಕ್ಲಾರನೆಟ್ ಎತ್ತಿಕೊಂಡ. ಆಮ್ಯಾಲೆ ಮ್ಯಾಲಿನ ತುಟಿ ಒಳಗ ಮಡಚಿ, ಖಾಲಿ ವಸಡಿನ ಮ್ಯಾಲೆ ಅದನ್ನ ಆನಿಸಿ ಊದಿದ. ಬರೇ ಗಾಳಿ. ಮದುವಿಗೆ ಹೊಂಟ ನದೀಮ್ ರಸ್ತೇದಾಗ ಟೆಂಪೋ ಹಾರ್ನ್ ಹೊಡದ. ಮತ್ತೊಮ್ಮೆ ಊದಿದ. ಗಾಳಿ. ಒಳಗ ಕೆಂಚವ್ವ ರೊಟ್ಟಿ ಬಡಿಯೂ ಸಪ್ಪಳ ನಿಂತಿತು. ಮತ್ತೂ ಊದಿದ. ಗೊಗ್ಗರು ದನಿಯೊಂದು ಎದ್ದಿತು. ಇಷ್ಟು ವರ್ಷದಾಗ ನಾ ಕೇಳದ್ದು. ಅದು ಸಾವಕಾಶ ಏರಾಕತ್ತು, ಹಲ್ಲು ಬಿದ್ದ ಆ ಸ್ವರದ ಕಡೆ.

"ಹಗೂರಕಲೇ" ಅಂದೆ. ಪೇಪರ್ ನನ್ನ ಕೈಯಾಗ ಮುದ್ದಿ ಆಗಿತ್ತು.