ಸೂಜಿ ಇಳಿಯದ ಬಾಡು

ಎಲಾದಿಯಾ ಎಂಬ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ನನ್ನ ಮದುವೆಯ ಊಟದ ದಿನ, ಅದೂ ನಮ್ಮಮ್ಮನ ಮಾನ ಹೋಗುವಾಗ. ಅಮ್ಮ ಬೇಯಿಸಿದ್ದ ದನದ ತೊಡೆಯ ತುಂಡನ್ನು ನನ್ನ ಅತ್ತೆ ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿ, ಕೊನೆಗೆ ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗೆ ಇಟ್ಟಳು.

"ಬೀಗಿತ್ತಿ, ಇದು ಬಾಡೋ, ಕುದುರೆ ಜೀನೋ? ನಮ್ಮ ಪಕ್ಕದ್ಮನೆ ಎಲಾದಿಯಾ ಮಾಡಿದ್ರೆ ಹಲ್ಲಿಲ್ದೋರೂ ಇನ್ನೊಂದು ಚೂರು ಹಾಕು ಅಂತಿದ್ರು."

ಅಮ್ಮ ಆಮೇಲೆ ಏನನ್ನೂ ಬಾಯಿಗಿಡಲಿಲ್ಲ.

ಮರುದಿನ ಕಮಗುಯೆ ಎಂಬ ಊರಿಗೆ, ರೈಲು ಹಳಿಯ ಪಕ್ಕದ ಗಂಡನ ಮನೆಗೆ ಬಂದೆ. ತಂತಿ ಬೇಲಿಯಾಚೆ ಉದ್ದನೆಯ, ಒಣಕಲು ಹೆಂಗಸೊಬ್ಬಳು ಚುಟ್ಟಾದ ಮೋಟು ಕಚ್ಚಿಕೊಂಡು ನಿಂತಿದ್ದಳು.

"ನೀನೇ ಏನೇ ಹೊಸ ಸೊಸೆ, ಒಬ್ದೂಲಿಯಾ? ನಿನ್ನೆ ಬಾಡು ಬೇಯ್ಲಿಲ್ವಂತೆ. ಊರಿಗೆಲ್ಲಾ ಡಂಗುರ ಆಗಿದೆ. ಭಾನುವಾರ ಬಾ. ನಿಮ್ಮತ್ತೆ ಬಾಯಿ ಮುಚ್ಚಿಸೋ ಥರ ಬೇಯ್ಸೋದು ಹೇಳ್ಕೊಡ್ತೀನಿ."

ಹಾಗೆ ಶುರುವಾದ ನೆರೆಹೊರೆ ಮೂವತ್ತೆರಡು ವರ್ಷ ನಡೆಯಿತು.

ಹನ್ನೊಂದನೆಯ ವಯಸ್ಸಿಗೇ ಎಲಾದಿಯಾಳನ್ನು ಒಬ್ಬ ವೈದ್ಯರ ಮನೆಯ ಅಡುಗೆಕೋಣೆಗೆ ಹಾಕಿದ್ದರು. ಅಲ್ಲಿನ ಮುದಿ ಅಡುಗೆಯವಳು ಮಾಂಸ ಗಡುಸಾದರೆ ಸೌಟಿನಿಂದ ಮೊಣಕೈ ಗಂಟಿಗೆ ಹೊಡೆಯುತ್ತಿದ್ದಳಂತೆ. ಎಡ ಮೊಣಕೈ ಕೊನೆಯವರೆಗೂ ನೆಟ್ಟಗಾಗಲಿಲ್ಲ. ಗಂಡ ವೆನ್ಸೆಸ್ಲಾವೊ ಉಗಿ ಎಂಜಿನ್ ಓಡಿಸುತ್ತಿದ್ದವನು. ಆ ಸದ್ದಿಗೆ ನಲವತ್ತರೊಳಗೇ ಎರಡು ಕಿವಿಯೂ ಹೋಗಿದ್ದವು. ಇಬ್ಬರೂ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು, ಜಗಳವೂ ಕೈಯಲ್ಲೇ. ಎರಡು ಮಕ್ಕಳು ಹೊಟ್ಟೆಯಲ್ಲೇ ಹೋಗಿದ್ದವು. ಆ ಮಾತನ್ನು ಅವಳೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಅವಳ ಕೈಯ ಬೊಲಿಚೆ ಎಂದರೆ ತೊಡೆಯ ಹಿಂಭಾಗದ ಇಡೀ ಉರುಳೆ, ಹಸುಗೂಸಿನಷ್ಟು ಗಾತ್ರದ್ದು. ಅದರ ಉದ್ದಕ್ಕೂ ಕತ್ತಿ ತೂರಿಸಿ, ಉಪ್ಪು ಸವರಿದ ಹಂದಿಕೊಬ್ಬಿನ ಪಟ್ಟಿಯನ್ನು ಒಳಗೆ ತುರುಕುತ್ತಿದ್ದಳು. ರಾತ್ರಿಯಿಡೀ ಹುಳಿ ಕಿತ್ತಳೆ ರಸ, ಬೆಳ್ಳುಳ್ಳಿ, ಜೀರಿಗೆಯಲ್ಲಿ ನೆನೆಯಬೇಕು. ಬೆಳಿಗ್ಗೆ ಸುತ್ತಲೂ ಕಂದುಬಣ್ಣಕ್ಕೆ ಹುರಿದು, ನೆನೆಸಿದ ರಸವನ್ನೇ ಸುರಿದು ಸಣ್ಣ ಉರಿಯಲ್ಲಿ ಬಿಡಬೇಕು. ಬೆಂದಿದೆಯೋ ಎಂದು ನೋಡಲು ಹೆಣಿಗೆಯ ಸೂಜಿ.

"ಒತ್ತಬಾರ್ದು ಕಣೇ. ಮೇಲೆ ನಿಲ್ಲಿಸಿ ಕೈ ಬಿಡು. ಅದರ ಭಾರಕ್ಕೇ ಅದು ಇಳೀಬೇಕು. ಅಲ್ಲೀವರೆಗೂ ದೇವ್ರು ಬಂದು ಕೇಳಿದ್ರೂ ಕತ್ತಿ ಹಾಕ್ಬೇಡ."

ತೊಂಬತ್ತಮೂರನೇ ಇಸವಿಯ ಹೊತ್ತಿಗೆ ಆ ಸೂಜಿಗೆ ಕೆಲಸವೇ ಇರಲಿಲ್ಲ. ಅಂಗಡಿಯಲ್ಲಿ ಕಾಳಿಲ್ಲ, ಸಾಬೂನಿಲ್ಲ. ದನದ ಸೀಮೆಯಲ್ಲೇ ಇದ್ದರೂ ದನದ ಮಾಂಸ ಕನಸು. ತಾನೇ ಸಾಕಿದ ಹಸುವಾದರೂ ಕಡಿಯುವಂತಿಲ್ಲ. ರೈಲಿಗೆ ಸಿಕ್ಕಿ ಸತ್ತರೂ ಅದು ಸರ್ಕಾರದ್ದು. ಮನೆಯಲ್ಲಿ ಒಂದು ತುಂಡು ಸಿಕ್ಕರೆ ಜೈಲು.

ಆ ವರ್ಷವೇ ಅವಳ ಗಂಡ ವೆನ್ಸೆಗೆ ಗಂಟಲಲ್ಲಿ ಗಡ್ಡೆ ಕಂಡಿತು. ಇನ್ನು ಮಾಡುವುದೇನೂ ಇಲ್ಲ ಎಂದು ಮನೆಗೆ ಕಳಿಸಿದರು. ಮೂಳೆಯ ಮೇಲೆ ಚರ್ಮ ಹೊದಿಸಿದಂತಿದ್ದ. ಒಂದು ದಿನ ಎರಡು ಮುಷ್ಟಿ ಜೋಡಿಸಿ, ತಿರುವಿ, ಬಾಯಿಗೆ ತೋರಿಸಿದ. ಅವರಿಬ್ಬರ ಸನ್ನೆಯಲ್ಲಿ ಅದು ಬೊಲಿಚೆ. ಎಲಾದಿಯಾ ನನ್ನ ಮುಂದೆ ಕೂತು ಹೇಳಿದಳು, "ನಲವತ್ತು ವರ್ಷಕ್ಕೆ ಒಂದೇ ಒಂದು ಕೇಳ್ದ ಒಬ್ದೂ. ಇದಾದ್ರೂ ಅವನ ಗಂಟಲಲ್ಲಿ ಇಳೀಬೇಕು."

ಮೇ ತಿಂಗಳಲ್ಲಿ ವೆನ್ಸೆಯ ಹಳೆಯ ಜೊತೆಗಾರ, ಇನ್ನೂ ಎಂಜಿನ್ ಓಡಿಸುತ್ತಿದ್ದವನು, ಗೋಣಿಚೀಲದಲ್ಲಿ ಸುತ್ತಿದ ಬಾಡಿನ ಉರುಳೆಯೊಂದನ್ನು ಅವಳ ಹಿತ್ತಿಲಲ್ಲಿ ಇಟ್ಟುಹೋದ. ಹಳಿಯ ಮೇಲೆ ರೈಲಿಗೆ ಸಿಕ್ಕಿ ಸತ್ತ ಮುದಿ ಹಸುವಿನದು. ದುಡ್ಡು ಬೇಡವೆಂದನಂತೆ.

ಮರುದಿನ ಬೆಳಿಗ್ಗೆ ಅವಳು ಹುರಿಯಲು ಇಟ್ಟಾಗ ನಾನು ನನ್ನ ಹಿತ್ತಿಲಲ್ಲಿ ಮೀನಿನ ತಲೆ, ಕೋಳಿ ಪುಕ್ಕ ಎಲ್ಲ ಹಾಕಿ ಬೆಂಕಿ ಹಚ್ಚಿದೆ. ಆ ನಾತದ ಕೆಳಗೆ ಬಾಡಿನ ಘಮ ಅಡಗಿತು. ಎರಡು ಗಂಟೆ ಬೆಂದಿತು. ಬೇಲಿ ನುಸುಳಿ ಹೋಗಿ ನೋಡಿದರೆ ಸೂಜಿ ಮೇಲೇ ನಿಂತಿತ್ತು. ಇದ್ದಿಲು ಎರಡೇ ಹಿಡಿ ಉಳಿದಿತ್ತು.

"ಸಣ್ಣಗೆ ಹೆಚ್ಚಿಬಿಡು ಎಲಾದಿಯಾ. ಅರ್ಧ ಗಂಟೇಲಿ ಬೇಯತ್ತೆ. ಯಾರಾದ್ರೂ ಬಂದ್ರೆ ಬಚ್ಚಿಡೋಕೂ ಆಗತ್ತೆ."

"ಹೆಚ್ಚಿದ್ರೆ ಅದು ಬೊಲಿಚೆನಾ? ರಸ ಎಲ್ಲಾ ಹೋಗಿ ನಾರು ಉಳಿಯತ್ತೆ. ನಾರು ಅವನ ಗಂಟಲಲ್ಲಿ ಸಿಕ್ಕಿಕೊಂಡ್ರೆ? ನಾನೇ ಕೊಂದಹಾಗಾಗತ್ತೆ."

"ಹಾಗಾದ್ರೆ ನನ್ನ ಕುಕ್ಕರ್ ತರ್ತೀನಿ. ಸೀಮೆಎಣ್ಣೆ ಒಲೇನೂ ತರ್ತೀನಿ."

ನಾನೇ ತಂದುಕೊಟ್ಟೆ. ಹತ್ತು ನಿಮಿಷಕ್ಕೆಲ್ಲ ಕುಕ್ಕರು ಬುಸುಗುಡಲು ತೊಡಗಿತು. ನಮ್ಮ ಬೀದಿಯಲ್ಲಿ ಆ ಸದ್ದಿಗೆ ಒಂದೇ ಅರ್ಥ: ಕಪ್ಪು ಕಾಳು ಬೇಯುತ್ತಿದೆ. ರೇಷನ್ ಅಂಗಡಿಗೆ ಕಾಳು ಬಂದು ಐದು ವಾರ ಆಗಿತ್ತು. ಪ್ರತಿ ಮನೆಯ ಡಬ್ಬಿ ಖಾಲಿ ಎಂದು ಪ್ರತಿಯೊಬ್ಬರಿಗೂ ಗೊತ್ತು. ನಮ್ಮಿಬ್ಬರಿಗೂ ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೇ.

ಬೀದಿ ಸಮಿತಿಯ ನೆರೆಯಿದಾ ಬಾಗಿಲಿಗೆ ಬಂದಳು. ಎಲ್ಲರ ಮನೆಯ ಮೇಲೂ ಕಣ್ಣಿಡುವುದೇ ಅವಳ ಉದ್ಯೋಗ.

"ಏನಕ್ಕಾ, ಊರಿಗೇ ಇಲ್ದ ಕಾಳು ನಿಮ್ಮನೇಲಿ ಬುಸ್ ಅಂತಿದೆ?"

"ಕಾಳೆಲ್ಲಿಂದ ಬರ್ಬೇಕು? ಅವನ ಹಾಸಿಗೆ ಬಟ್ಟೆ ಕುದಿಸ್ತಿದೀನಿ. ಕೀವು, ರಕ್ತ. ಮುಚ್ಚಳ ತೆಗೀಲಾ, ನೋಡ್ತೀಯಾ?"

"ಬೇಡ ಬಿಡು. ಬಟ್ಟೆಗೆ ಬೆಳ್ಳುಳ್ಳಿ ಹಾಕೋದು ನನಗೆ ಗೊತ್ತಿರ್ಲಿಲ್ಲ," ಎಂದು ನೆರೆಯಿದಾ ಹೊರಟುಹೋದಳು.

"ಇಳಿಸು, ಬಾವಿಗೆ ಹಾಕೋಣ," ಎಂದೆ.

ಎಲಾದಿಯಾ ಕುಕ್ಕರಿನ ಕಡೆ ನೋಡಿದಳು, ಒಳಗಿನ ಕೋಣೆಯ ಕಡೆ ನೋಡಿದಳು. ವೆನ್ಸೆಗೆ ವಾಸನೆ ತಾಗಿತ್ತು. ತಟ್ಟೆಗೆ ಚಮಚ ಬಡಿಯುತ್ತಿದ್ದ. ತನಗೇ ಕೇಳಿಸದ ಸದ್ದು.

"ಇನ್ನರ್ಧ ಗಂಟೆ," ಎಂದಳು. "ಅವಳು ಠಾಣೆಗೆ ನಡ್ಕೊಂಡು ಹೋಗಿ ಬರೋಕೆ ಅಷ್ಟಾದ್ರೂ ಬೇಡ್ವಾ?"

ಅಷ್ಟು ಬೇಕಾಗಲಿಲ್ಲ. ಇಬ್ಬರು ಪೊಲೀಸರು ಬಂದು ಮುಚ್ಚಳ ತೆಗೆಸಿದರು. ಹಬೆ ಮೇಲೆದ್ದಾಗ ಚಿಕ್ಕವನು ಎಂಜಲು ನುಂಗಿದ್ದನ್ನು ನಾನು ಕಂಡೆ. ಎಲಾದಿಯಾ ಅವರ ಮುಂದೆಯೇ ಸೂಜಿ ಚುಚ್ಚಿ ಕೈಬಿಟ್ಟಳು. ಸ್ವಲ್ಪ ಇಳಿದು ನಿಂತಿತು.

"ಸ್ವಾಮಿ, ಹದಿನೈದು ನಿಮಿಷ ಬಿಡಿ. ಒಳಗೆ ಸಾಯ್ತಿರೋನಿಗೆ ಎರಡು ತುತ್ತು ಕೊಟ್ಟು ನಾನೇ ನಿಮ್ಮ ಹಿಂದೆ ಬರ್ತೀನಿ."

"ಇದು ಸಾಕ್ಷಿ ಕಣಮ್ಮ. ಸಾಕ್ಷೀನ ತಿನ್ನಿಸೋಕಾಗತ್ತಾ?" ಎಂದ ದೊಡ್ಡವನು. ಕುಕ್ಕರ್ ಯಾರದೆಂದು ಕೇಳಿದ.

"ನಂದೇ," ಎಂದಳು ಎಲಾದಿಯಾ. ನಾನು ಬಾಯಿ ಬಿಡಲಿಲ್ಲ.

ಅದನ್ನು ರಸದ ಸಮೇತ ಹೊತ್ತೊಯ್ದರು. ಅವಳಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಅವಳನ್ನು ಹಿಡಿದ ಹದಿನೇಳನೆಯ ದಿನ ವೆನ್ಸೆ ಹೋದ. ಎರಡನೆಯ ಮಳೆಗಾಲದಲ್ಲಿ ಅವಳೂ ಜೈಲಿನಲ್ಲೇ ಜ್ವರದಿಂದ ತೀರಿಕೊಂಡಳು. ರಕ್ತಸಂಬಂಧಿಯಲ್ಲವೆಂದು ನನ್ನನ್ನು ಒಳಗೆ ಬಿಟ್ಟಿರಲಿಲ್ಲ. ಹಾಗಾಗಿ ಅವಳ ಮುಖ ನಾನು ಕಡೆಯದಾಗಿ ಕಂಡದ್ದು ಆ ಬೆಳಿಗ್ಗೆ, ಜೀಪಿನ ಹತ್ತಿರವೇ. ಬೀದಿಯೆಲ್ಲ ಕಿಟಕಿಯಲ್ಲಿತ್ತು. ಅವಳು ಅಪ್ಪಿಕೊಳ್ಳುವವಳಂತೆ ನನ್ನ ಮೇಲೆ ಬಾಗಿ ಕಿವಿಯಲ್ಲಿ ಹೇಳಿದಳು:

"ಅವನಿಗೆ ಪೊಲೀಸು ಗಿಲೀಸು ಅನ್ಬೇಡ ಒಬ್ದೂ, ನನಗೋಸ್ಕರ ಜೈಲಿಗೆ ಹೋದ್ಲು ಅಂತ ಕೊರಗ್ತಾನೆ. ಎಲಾದಿಯಾ ಬಾಡು ಕೆಡಿಸಿಬಿಟ್ಲು, ಜೀನಿನ ಥರ ಆಯ್ತು, ನಾಚ್ಕೊಂಡು ತಂಗಿ ಮನೆಗೆ ಓಡಿಹೋದ್ಲು ಅಂತ ಕೈಯಲ್ಲಿ ಹೇಳು. ಬೈಕೊಳ್ಲಿ. ನನ್ನ ಬೈಕೊಂಡೇ ಹೋಗ್ಲಿ."